ಹಿಮದ ಚಳಿಯಲ್ಲಿ ಬ್ಯಾಂಡ್-ಏಡ್ ಸಾಕೇ? ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಯಾವ ಬ್ಯಾಂಡೇಜ್ ಬೇಕು, ಯಾವುದು ಬೇಡ

ಸಂಕ್ಷಿಪ್ತವಾಗಿ: ಕೊರೆಯುವ ಚಳಿಯಲ್ಲಿ ಅಂಟುವ ಪಟ್ಟಿಗಳ ಹಿಡಿತ ಕಡಿಮೆಯಾಗುತ್ತದೆ. ಬಿಗಿಯಾಗಿ ಕಟ್ಟಿದ ಬ್ಯಾಂಡೇಜ್ ರಕ್ತ ಸಂಚಾರ ತಡೆದು ಬೆರಳಿಗೇ ಅಪಾಯ ತರಬಹುದು. ಒದ್ದೆ ಹತ್ತಿ ಗಾಯಕ್ಕೆ ಅಂಟಿಕೊಂಡು ಚಳಿಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಹಿಮಪ್ರದೇಶಕ್ಕೆ ಹೋಗುವವರ ಪೆಟ್ಟಿಗೆಯಲ್ಲಿ ಗಾಯಕ್ಕೆ ಅಂಟದ ಗಾಜ್, ಸುತ್ತುವ ಗಾಜ್ ರೋಲ್, ತ್ರಿಕೋನ ಬ್ಯಾಂಡೇಜ್ ಮತ್ತು ಬಟ್ಟೆಯ ಟೇಪ್ ಮುಖ್ಯ. ಅಂಟು ಇರುವ ವಸ್ತುಗಳನ್ನು ಬ್ಯಾಗಿನಲ್ಲಿ ಇಡದೆ ಜಾಕೆಟ್ಟಿನ ಒಳಜೇಬಿನಲ್ಲಿ ಇಡಬೇಕು.

ಡಿಸೆಂಬರ್ ಹತ್ತಿರ ಬಂದರೆ ಸಾಕು, ಹಿಮಾಲಯದ ಚಾರಣಕ್ಕೆ ಹೊರಡುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಒಯ್ಯಬೇಕಾದ ವಸ್ತುಗಳ ಪಟ್ಟಿ’ ಓಡಾಡತೊಡಗುತ್ತದೆ. ಥರ್ಮಲ್, ಕೈಗವಸು, ಟಾರ್ಚ್ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ‘ಬ್ಯಾಂಡ್-ಏಡ್, ಹತ್ತಿ, ಕ್ರೇಪ್ ಬ್ಯಾಂಡೇಜ್’ ಎಂದಿರುತ್ತದೆ. ಜೊತೆಗೆ ‘ಗಾಯವಾದರೆ ಬಿಗಿಯಾಗಿ ಕಟ್ಟಿ, ಬೆಚ್ಚಗಿರುತ್ತದೆ’, ‘ಬೆರಳು ಮರಗಟ್ಟಿದರೆ ಹಿಮದಿಂದ ಉಜ್ಜಿ’ ಎಂಬಂಥ ಸಲಹೆಗಳೂ ಸೇರಿಕೊಳ್ಳುತ್ತವೆ. ಈ ಪಟ್ಟಿ ನಮ್ಮೂರಿನ ಹವೆಗೆ ಪರವಾಗಿಲ್ಲ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೂ ಮನೆಯಲ್ಲಿರುವ ಪೆಟ್ಟಿಗೆಯೇ ಸಾಕು. ಆದರೆ ತಾಪಮಾನ ಸೊನ್ನೆಗಿಂತ ಕೆಳಗೆ ಇಳಿಯುವ ಜಾಗದಲ್ಲಿ ಲೆಕ್ಕ ಬೇರೆ.

ಎಷ್ಟು ಎತ್ತರಕ್ಕೆ ಎಷ್ಟು ಚಳಿ?

ಪ್ರತಿ 1000 ಮೀಟರ್ ಮೇಲೇರಿದಂತೆ ಗಾಳಿಯ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಉತ್ತರಾಖಂಡದ ಕೇದಾರಕಂಠ ಶಿಖರ ಸುಮಾರು 3800 ಮೀಟರ್ ಎತ್ತರದಲ್ಲಿದೆ. ಡಾರ್ಜಿಲಿಂಗ್ ಸಮೀಪದ ಸಂದಕ್‌ಫು 3600 ಮೀಟರ್‌ಗಿಂತ ಹೆಚ್ಚು, ಲೇಹ್ ಪಟ್ಟಣ ಸುಮಾರು 3500 ಮೀಟರ್ ಎತ್ತರದಲ್ಲಿವೆ. ಚಳಿಗಾಲದ ರಾತ್ರಿಗಳಲ್ಲಿ ಇಲ್ಲೆಲ್ಲ ನೀರು ಹೆಪ್ಪುಗಟ್ಟುವುದು ಸಾಮಾನ್ಯ. ಹೆಪ್ಪುಗಟ್ಟಿದ ಜಂಸ್ಕಾರ್ ನದಿಯ ಮೇಲೆ ನಡೆಯುವ ಚಾದರ್ ಚಾರಣದಲ್ಲಂತೂ ರಾತ್ರಿ ಮೈನಸ್ 20 ಡಿಗ್ರಿಗಿಂತ ಕೆಳಗೆ ಹೋಗುವುದುಂಟು. ಗಾಳಿ ಬೀಸಿದರೆ ಚರ್ಮ ಇನ್ನಷ್ಟು ಬೇಗ ತಣ್ಣಗಾಗುತ್ತದೆ. ಕೆನಡಾದಲ್ಲೋ ಉತ್ತರ ಯುರೋಪಿನಲ್ಲೋ ಇರುವ ಕನ್ನಡಿಗರಿಗೆ, ರಾತ್ರಿಯಿಡೀ ಹೊರಗೆ ನಿಂತ ಕಾರಿನಲ್ಲಿರುವ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೂ ಇದೇ ಮಾತು ಅನ್ವಯಿಸುತ್ತದೆ.

ನಂಬಿಕೆ 1: ‘ಒಂದು ಡಬ್ಬಿ ಬ್ಯಾಂಡ್-ಏಡ್ ಇದ್ದರೆ ಸಾಕು’

ಇದು ಪೂರ್ತಿ ನಿಜವಲ್ಲ. ಬ್ಯಾಂಡ್-ಏಡ್ ಹುಟ್ಟಿದ್ದೇ ಅಡುಗೆಮನೆಯ ಸಣ್ಣಪುಟ್ಟ ಗಾಯಗಳಿಗಾಗಿ. 1920ರಲ್ಲಿ ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ನೌಕರ ಅರ್ಲ್ ಡಿಕ್ಸನ್, ಅಡುಗೆ ಮಾಡುವಾಗ ಆಗಾಗ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಅಂಟುವ ಟೇಪಿನ ನಡುವೆ ಗಾಜ್ ತುಂಡು ಇಟ್ಟು ಇದನ್ನು ತಯಾರಿಸಿದರು. ಬೆಚ್ಚಗಿನ, ಒಣ ಚರ್ಮದ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಚಳಿಯಲ್ಲಿ ಏಕೆ ಕೈಕೊಡುತ್ತದೆ? ಪಟ್ಟಿಯ ಅಂಟು ಚರ್ಮದ ಮೇಲಿನ ಸೂಕ್ಷ್ಮ ಏರುತಗ್ಗುಗಳ ಒಳಗೆ ಹರಿದು ಕೂತಾಗ ಮಾತ್ರ ಹಿಡಿತ ಸಿಗುತ್ತದೆ. ಹಾಗೆ ಹರಿಯಲು ಅದು ಮೃದುವಾಗಿರಬೇಕು. ಜೋನಿಬೆಲ್ಲ ಬೇಸಿಗೆಯಲ್ಲಿ ಸಲೀಸಾಗಿ ಹರಿದು, ಚಳಿಯಲ್ಲಿ ಗಟ್ಟಿಯಾಗಿ ಚಮಚಕ್ಕೇ ಕಚ್ಚಿಕೊಳ್ಳುವುದನ್ನು ನೋಡಿದ್ದೀರಲ್ಲ, ಅಂಟೂ ಚಳಿಯಲ್ಲಿ ಹಾಗೆಯೇ ಬಿರುಸಾಗುತ್ತದೆ. ಚರ್ಮ ತಣ್ಣಗಿದ್ದು, ಬೆವರು ಅಥವಾ ಕರಗಿದ ಹಿಮದಿಂದ ತೇವವಾಗಿದ್ದರೆ ಪಟ್ಟಿ ಕೈಗವಸು ಹಾಕುವಾಗಲೇ ಕಿತ್ತು ಬರುತ್ತದೆ. ತುಟಿಗೆ, ಕೈಗೆ ಹಚ್ಚಿದ ವ್ಯಾಸಲೀನ್ ಉಳಿದಿದ್ದರೂ ಅಂಟು ಕೂರುವುದಿಲ್ಲ.

ಹಾಗೆಂದು ಪಟ್ಟಿಗಳನ್ನು ಬಿಟ್ಟುಹೋಗಬೇಕಿಲ್ಲ. ಹೀಗೆ ಮಾಡಿ:

• ಪ್ಲಾಸ್ಟಿಕ್ ಪಟ್ಟಿಯ ಬದಲು ಬಟ್ಟೆಯ ಪಟ್ಟಿ ಕೊಳ್ಳಿ. ಅದು ಬೆರಳಿನ ಗೆಣ್ಣಿನ ಜೊತೆ ಬಾಗುತ್ತದೆ.
• ನಾಲ್ಕಾರು ಪಟ್ಟಿಗಳನ್ನು ಒಳಜೇಬಿನಲ್ಲಿ, ಮೈ ಬಿಸಿಗೆ ತಾಗುವಂತೆ ಇಟ್ಟುಕೊಳ್ಳಿ.
• ಚರ್ಮವನ್ನು ಒರೆಸಿ ಒಣಗಿಸಿ, ಪಟ್ಟಿ ಅಂಟಿಸಿದ ಮೇಲೆ ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೈ ಬಿಸಿಗೆ ಅಂಟು ಮೃದುವಾಗಿ ಕೂರುತ್ತದೆ.
• ಮೇಲೆ ಒಂದು ಸುತ್ತು ಗಾಜ್ ಸುತ್ತಿದರೆ ಅಂಟು ಸೋತರೂ ಪಟ್ಟಿ ಜಾರುವುದಿಲ್ಲ.

ನಂಬಿಕೆ 2: ‘ಬಿಗಿಯಾಗಿ ಕಟ್ಟಿದರೆ ಬೆಚ್ಚಗಿರುತ್ತದೆ’

ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ. ಬೆರಳಿಗೆ ಬಿಸಿ ಬರುವುದು ಬಟ್ಟೆಯಿಂದಲ್ಲ, ರಕ್ತದಿಂದ. ಬಟ್ಟೆ ಆ ಬಿಸಿಯನ್ನು ಹಿಡಿದಿಡುತ್ತದೆ, ಅಷ್ಟೇ. ಚಳಿಯಾದಾಗ ದೇಹ ಎದೆ, ಹೊಟ್ಟೆಯ ಭಾಗದ ಬಿಸಿ ಉಳಿಸಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಮೊದಲೇ ರಕ್ತ ಕಡಿಮೆಯಾದ ಬೆರಳಿಗೆ ಬಿಗಿಯಾದ ಬ್ಯಾಂಡೇಜ್ ಸುತ್ತಿದರೆ ಉಳಿದ ರಕ್ತವೂ ತಲುಪುವುದಿಲ್ಲ. ಆಗ ಅಂಗಾಂಶವೇ ಹೆಪ್ಪುಗಟ್ಟುವ ಹಿಮಕಡಿತ, ಅಂದರೆ ಫ್ರಾಸ್ಟ್‌ಬೈಟ್, ಸುಲಭವಾಗಿ ಆಗಬಹುದು. ತೀವ್ರವಾದ ಹಿಮಕಡಿತದಲ್ಲಿ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಮತ್ತೊಂದು ತೊಂದರೆಯಿದೆ. ಬ್ಯಾಂಡೇಜ್ ಬಿಗಿಯಾದರೆ ಸಾಮಾನ್ಯವಾಗಿ ಜೋಮು ಹಿಡಿದು, ನೋವಾಗಿ ನಮಗೆ ಗೊತ್ತಾಗುತ್ತದೆ. ಚಳಿಗೆ ಮರಗಟ್ಟಿದ ಬೆರಳಿಗೆ ಆ ಸೂಚನೆಯೇ ತಿಳಿಯುವುದಿಲ್ಲ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು ಎಂಬ ಪರೀಕ್ಷೆಯನ್ನು ಪ್ರಥಮ ಚಿಕಿತ್ಸೆಯಲ್ಲಿ ಹೇಳಿಕೊಡುತ್ತಾರೆ. ಚಳಿಯಲ್ಲಿ ಆರೋಗ್ಯವಂತ ಬೆರಳಿಗೂ ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಹಾಗಾಗಿ ಎರಡೂ ಕೈಗಳ ಅದೇ ಬೆರಳನ್ನು ಒತ್ತಿ ಹೋಲಿಸಿ. ಕಟ್ಟಿದ ಬೆರಳು ಹೆಚ್ಚು ಬಿಳುಪಾಗಿದ್ದರೆ, ನೀಲಿಯಾಗಿದ್ದರೆ ಅಥವಾ ಸ್ಪರ್ಶ ಗೊತ್ತಾಗದಿದ್ದರೆ ಬ್ಯಾಂಡೇಜ್ ಬಿಚ್ಚಿ ಸಡಿಲವಾಗಿ ಕಟ್ಟಿ. ಕಟ್ಟಿದ ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ದಾರಿಯಲ್ಲಿ ನಿಂತಾಗಲೆಲ್ಲ ನೋಡುತ್ತಿರಿ. ಗಾಯವಾದ ಕೈಯಲ್ಲಿ ಉಂಗುರವಿದ್ದರೆ ಊದಿಕೊಳ್ಳುವ ಮೊದಲೇ ತೆಗೆದುಬಿಡಿ.

ಉಳುಕಿಗೆ ಬಳಸುವ ಕ್ರೇಪ್ ಬ್ಯಾಂಡೇಜಿಗೂ ಇದೇ ಎಚ್ಚರ ಬೇಕು. ಅದನ್ನು ಪೂರ್ತಿ ಎಳೆದು ಸುತ್ತಬಾರದು. ಕಾಲಿಗೆ ಸುತ್ತಿ ಅದರ ಮೇಲೆ ದಪ್ಪ ಕಾಲುಚೀಲ, ಬಿಗಿ ಶೂ ಹಾಕಿದರೆ ಒತ್ತಡ ಇಮ್ಮಡಿಯಾಗುತ್ತದೆ. ಶೂ ಲೇಸ್ ಸಡಿಲಿಸಿ, ಎರಡು ಜೊತೆ ಕಾಲುಚೀಲ ಹಾಕಿದ್ದರೆ ಒಂದನ್ನು ತೆಗೆಯಿರಿ. ಬ್ಯಾಂಡೇಜ್ ಕಟ್ಟಿದ ಕೈಗೆ ಬೆರಳು ಬೆರಳಾಗಿರುವ ಕೈಗವಸಿಗಿಂತ, ನಾಲ್ಕೂ ಬೆರಳು ಒಟ್ಟಿಗೆ ಕೂರುವ ಚೀಲದಂಥ ದೊಡ್ಡ ಕೈಗವಸು ಒಳ್ಳೆಯದು.

ಗಮನಿಸಿ: ರಕ್ತ ಜೋರಾಗಿ ಸುರಿಯುತ್ತಿದ್ದರೆ ‘ಸಡಿಲವಾಗಿ ಕಟ್ಟಿ’ ಎಂಬ ಮಾತು ಅನ್ವಯಿಸುವುದಿಲ್ಲ. ಆಗ ಗಾಜ್ ಇಟ್ಟು, ನಡುವೆ ಎತ್ತಿ ನೋಡದೆ, ಕನಿಷ್ಠ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯುವುದೇ ಮೊದಲ ಕೆಲಸ. ದೇಹ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಆದ್ದರಿಂದ ಗಾಯಾಳುವನ್ನು ಹಿಮದ ಮೇಲೆ ಕೂರಿಸದೆ ಕೆಳಗೆ ಚಾಪೆ ಅಥವಾ ಬ್ಯಾಗ್ ಹಾಕಿ, ಮೈಗೆ ಹೊದಿಸಿ. ದಪ್ಪ ಜಾಕೆಟ್ಟಿನೊಳಗೆ ರಕ್ತ ಇಂಗಿ ಹೊರಗೆ ಕಾಣದೇ ಇರಬಹುದು. ಬಿದ್ದವರ ಬಟ್ಟೆಯೊಳಗೆ ಕೈ ಹಾಕಿ ನೋಡಿ.

ನಂಬಿಕೆ 3: ‘ಗಾಯದ ಮೇಲೆ ಹತ್ತಿ ಇಟ್ಟು ಕಟ್ಟಿದರೆ ಸಾಕು’

ಇದೂ ತಪ್ಪು. ಹತ್ತಿಯ ಎಳೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ. ಕೀಳುವಾಗ ಗಾಯ ಮತ್ತೆ ತೆರೆದು ರಕ್ತ ಬರುತ್ತದೆ, ಎಳೆಗಳೂ ಒಳಗೇ ಉಳಿಯಬಹುದು. ಮನೆಯಲ್ಲಾದರೆ ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿ ಬಿಡಿಸಬಹುದು. ಬೆಟ್ಟದ ಮೇಲೆ ಆ ನೀರು ಎಲ್ಲಿಂದ ತರುವುದು? ಜೊತೆಗೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ರಕ್ತದಿಂದಲೋ ಹಿಮದಿಂದಲೋ ಒದ್ದೆಯಾದ ಹತ್ತಿ, ಅದರ ಕೆಳಗಿನ ಚರ್ಮದ ಬಿಸಿಯನ್ನು ಎಳೆದುಬಿಡುತ್ತದೆ.

ಇದರ ಬದಲು ಮೆಡಿಕಲ್ ಶಾಪ್‌ನಲ್ಲಿ ಪ್ಯಾರಫಿನ್ ಗಾಜ್ ಎಂದು ಕೇಳಿ. ಜಿಡ್ಡು ಸವರಿದ ಈ ಬಲೆಯಂಥ ಬಟ್ಟೆ ಗಾಯಕ್ಕೆ ಅಂಟುವುದಿಲ್ಲ. ಅದರ ಮೇಲೆ ಒಣ ಗಾಜ್, ಅದರ ಮೇಲೆ ಗಾಜ್ ರೋಲ್, ಈ ಕ್ರಮದಲ್ಲಿ ಕಟ್ಟಿ. ಒದ್ದೆಯಾದ ಕೂಡಲೇ ಬದಲಿಸಿ. ಹತ್ತಿಯನ್ನು ಬೇಕಾದರೆ ಮುರಿದ ಕೈಗೆ ಕಟ್ಟುವ ಪಟ್ಟಿಯ ಕೆಳಗೆ ಮೆತ್ತೆಯಾಗಿ ಬಳಸಿ, ತೆರೆದ ಗಾಯದ ಮೇಲೆ ಬೇಡ. ಅರಿಸಿನ, ಕಾಫಿಪುಡಿ, ಟೂತ್‌ಪೇಸ್ಟ್ ಕೂಡ ಬೇಡ. ಅವು ಗಾಯವನ್ನು ಕೊಳೆ ಮಾಡುತ್ತವೆ, ಆಮೇಲೆ ವೈದ್ಯರು ಅವನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ.

ನಂಬಿಕೆ 4: ‘ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜಿ ಕಟ್ಟಬೇಕು’

ಇದು ಇನ್ನೂರು ವರ್ಷ ಹಳೆಯ ತಪ್ಪು. 1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯಾದಿಂದ ಹಿಂದಿರುಗುವಾಗ ಸಾವಿರಾರು ಸೈನಿಕರು ಹಿಮಕಡಿತಕ್ಕೆ ತುತ್ತಾದರು. ಬೆಂಕಿಯ ಮುಂದೆ ಕೈಕಾಲು ಕಾಯಿಸಿಕೊಂಡವರ ಗಾಯ ಇನ್ನೂ ಕೆಟ್ಟದ್ದನ್ನು ಕಂಡ ಸೇನಾ ಶಸ್ತ್ರವೈದ್ಯ ಡೊಮಿನಿಕ್ ಲ್ಯಾರಿ, ನಿಧಾನವಾಗಿ ಹಿಮದಿಂದ ಉಜ್ಜುವುದೇ ಸರಿ ಎಂದು ತೀರ್ಮಾನಿಸಿದರು. ಬೆಂಕಿಯ ಬಗ್ಗೆ ಅವರು ಕಂಡದ್ದು ನಿಜ. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗದೆ ಸುಟ್ಟುಹೋಗುತ್ತದೆ. ಆದರೆ ಹಿಮದಿಂದ ಉಜ್ಜಿದರೆ ಹೆಪ್ಪುಗಟ್ಟಿದ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ. ಹೀಗಿದ್ದೂ ಈ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಕೊಂಡಿತ್ತು. ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಇದನ್ನು ಒಪ್ಪುವುದಿಲ್ಲ.

ಸರಿಯಾದ ಕ್ರಮ ಹೀಗಿದೆ: ಗಾಳಿಯಿಲ್ಲದ ಜಾಗಕ್ಕೆ ಹೋಗಿ, ಒದ್ದೆ ಬಟ್ಟೆ ಬದಲಿಸಿ. ಉಜ್ಜಬೇಡಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ಬೆರಳುಗಳ ನಡುವೆ ಒಣ ಗಾಜ್ ಇಟ್ಟು, ಮೇಲೆ ಸಡಿಲವಾಗಿ ಗಾಜ್ ಸುತ್ತಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪುಗಟ್ಟಿದ ಭಾಗವನ್ನು 37ರಿಂದ 39 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಮುಳುಗಿಸಿ ಕರಗಿಸುವುದು ಈಗಿನ ಚಿಕಿತ್ಸೆ. ಆದರೆ ದಾರಿಯಲ್ಲಿ ಅದು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲು ಹೋಗಬಾರದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಹೆಚ್ಚು. ಬ್ಯಾಂಡೇಜಿನೊಳಗೆ ಹೀಟ್ ಪ್ಯಾಡ್ ಇಡುವುದೂ ಸುಟ್ಟಗಾಯಕ್ಕೆ ದಾರಿ.

ಹಾಗಾದರೆ ಪೆಟ್ಟಿಗೆಯಲ್ಲಿ ಏನಿರಬೇಕು?

ಮೂರು-ನಾಲ್ಕು ಜನರ ಗುಂಪಿಗೆ, ಕೆಲವು ದಿನಗಳ ಚಾರಣಕ್ಕೆ ಇಷ್ಟು ಇಟ್ಟುಕೊಳ್ಳಬಹುದು:

• ಪ್ಯಾರಫಿನ್ ಗಾಜ್: 5 ತುಂಡು
• ಕ್ರಿಮಿರಹಿತ ಒಣ ಗಾಜ್: 10 ತುಂಡು
• ಗಾಜ್ ರೋಲ್: 5 ಸೆಂಟಿಮೀಟರ್ ಅಗಲದ್ದು 3, 10 ಸೆಂಟಿಮೀಟರ್‌ನದ್ದು 2. ಇದಕ್ಕೆ ಅಂಟು ಬೇಕಿಲ್ಲ, ತುದಿ ಸೀಳಿ ಗಂಟು ಹಾಕಬಹುದು.
• ತ್ರಿಕೋನ ಬ್ಯಾಂಡೇಜ್: 2. ಕೈ ಜೋಲಿಗೆ, ಪಟ್ಟಿ ಕಟ್ಟಲು, ತಲೆಗಾಯಕ್ಕೆ ಒದಗುತ್ತದೆ. ಎಷ್ಟೇ ಚಳಿಯಿದ್ದರೂ ಕೆಲಸ ಮಾಡುತ್ತದೆ.
• ಕ್ರೇಪ್ ಬ್ಯಾಂಡೇಜ್, 10 ಸೆಂಟಿಮೀಟರ್: 1
• ಬಟ್ಟೆಯ ಅಂಟು ಟೇಪ್: 1 ರೋಲ್. ಕಾಗದದ ಟೇಪ್ ಒದ್ದೆಯಾದರೆ ಬೇಗ ಬಿಟ್ಟುಕೊಳ್ಳುತ್ತದೆ.
• ಬಟ್ಟೆಯ ಪಟ್ಟಿಗಳು: 10
• ಶೂ ಕಚ್ಚಿದ ಗುಳ್ಳೆಗೆ ಹೈಡ್ರೋಕೊಲಾಯ್ಡ್ ಪಟ್ಟಿ: 4. ಎರಡು ಅಂಗೈ ನಡುವೆ ಬೆಚ್ಚಗೆ ಮಾಡಿ ಅಂಟಿಸಿ.
• ಸೇಫ್ಟಿ ಪಿನ್, ಕೈಗವಸು ಹಾಕಿಕೊಂಡೂ ಹಿಡಿಯಬಹುದಾದ ದೊಡ್ಡ ಕತ್ತರಿ, ರಬ್ಬರ್ ಕೈಗವಸು

ತನಗೆ ತಾನೇ ಅಂಟುವ, ಚರ್ಮಕ್ಕೆ ಅಂಟದ ಬಣ್ಣದ ಬ್ಯಾಂಡೇಜ್ ರೋಲ್ ಕೂಡ ಸಿಗುತ್ತದೆ. ಚಳಿಗೆ ಅನುಕೂಲ, ಆದರೆ ಎಳೆದು ಸುತ್ತಿದರೆ ಬಿಗಿಯುತ್ತದೆ. ಲ್ಯಾಟೆಕ್ಸ್ ಅಲರ್ಜಿ ಇರುವವರು ಲ್ಯಾಟೆಕ್ಸ್ ಇಲ್ಲದ್ದನ್ನೇ ಕೊಳ್ಳಬೇಕು.

ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳಲ್ಲಿ ಬೇರೆ ಬೇರೆಯಾಗಿ ಹಾಕಿ. ನೀರಿನಂಶದ ಬೆಟಡೀನ್ ದ್ರಾವಣ, ಸಲೈನ್, ಒದ್ದೆ ಟಿಶ್ಯೂಗಳು ಹೆಪ್ಪುಗಟ್ಟುತ್ತವೆ. ಇವನ್ನೂ ಅಂಟು ಪಟ್ಟಿಗಳನ್ನೂ ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನ ಒಳಗೆ ಇಟ್ಟುಕೊಳ್ಳಿ. ಟೇಪ್ ತುದಿಯನ್ನು ಮೊದಲೇ ಮಡಚಿಟ್ಟರೆ ಮರಗಟ್ಟಿದ ಬೆರಳಲ್ಲೂ ಬಿಡಿಸಬಹುದು. ಹೊರಡುವ ಮೊದಲು ಮನೆಯಲ್ಲೇ ಕೈಗವಸು ಹಾಕಿಕೊಂಡು ಒಮ್ಮೆ ಬ್ಯಾಂಡೇಜ್ ಕಟ್ಟಿ ನೋಡಿ. ಆಗ ಏನು ಕಷ್ಟ ಎಂದು ತಿಳಿಯುತ್ತದೆ.

ಯಾವಾಗ ಇಳಿದು ಬರಬೇಕು?

ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಗಾಯ ಆಳವಾಗಿದ್ದರೆ, ಬೆಚ್ಚಗೆ ಮಾಡಿದರೂ ಬೆರಳಿಗೆ ಸ್ಪರ್ಶ ಮರಳದಿದ್ದರೆ, ಚರ್ಮ ಮೇಣದಂತೆ ಬಿಳುಪಾಗಿ ಗಟ್ಟಿಯಾಗಿದ್ದರೆ ಪ್ರವಾಸ ಅಲ್ಲಿಗೇ ನಿಲ್ಲಿಸಿ. ಗೈಡ್‌ಗೆ ತಿಳಿಸಿ, 112ಕ್ಕೆ ಕರೆ ಮಾಡಿ. ಮಧುಮೇಹ ಇರುವವರು, ಕೈಕಾಲಿನ ರಕ್ತ ಸಂಚಾರದ ತೊಂದರೆ ಇರುವವರು ಸಣ್ಣ ಗಾಯವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ತೀರ್ಮಾನ

‘ಬಿಗಿಯಾಗಿ ಕಟ್ಟಿ, ಹಿಮದಿಂದ ಉಜ್ಜಿ’ ಎಂಬ ಸಲಹೆ ತಪ್ಪು. ‘ಬ್ಯಾಂಡ್-ಏಡ್, ಹತ್ತಿ ಸಾಕು’ ಎಂಬುದು ಹಿಮಪ್ರದೇಶಕ್ಕೆ ಅರ್ಧಸತ್ಯ. ಅಂಟದ ಗಾಜ್ ಇಡಿ, ಸಡಿಲವಾಗಿ ಸುತ್ತಿ, ಒಣಗಿರುವಂತೆ ನೋಡಿಕೊಳ್ಳಿ, ಆಗಾಗ ಬೆರಳಿನ ಬಣ್ಣ ಪರೀಕ್ಷಿಸಿ. ನಿಮ್ಮ ಗುಂಪಿಗೆ ಸಾಮಾನಿನ ಪಟ್ಟಿ ಬಂದರೆ, ಮುಂದೆ ಕಳಿಸುವ ಮೊದಲು ಅದರ ಕೊನೆಯ ಸಾಲನ್ನು ತಿದ್ದಿ ಕಳಿಸಿ.