ಸಭೆಯಲ್ಲಿ ಬೆಳೆದ ಕರ್ತವ್ಯದ ಭಾಷೆ

ಹೋಮರನ ಕಾವ್ಯಗಳಲ್ಲಿ ವೀರನಿಗೆ ಅವನ ಕರ್ತವ್ಯವನ್ನು ನೆನಪಿಸುವ ಪದ ‘ಖ್ರೇ’. ನಿನ್ನಂಥವನಿಗೆ ಇದು ತಕ್ಕದ್ದಲ್ಲ ಎಂದು ಮೈದಡವಿ ಎಚ್ಚರಿಸುವ ಧಾಟಿ ಅದರದು. ಮುಂದೆ ಗ್ರೀಕ್ ಗದ್ಯದ ತುಂಬ ಹರಡಿದ, ‘ಬೇಕು’ ಎಂಬರ್ಥದ ‘ದೇಯ್’ ಅಲ್ಲಿ ಒಮ್ಮೆ ಮಾತ್ರ ಬರುತ್ತದೆ, ಇಲಿಯಡ್‌ನ 9ನೇ ಸರ್ಗದಲ್ಲಿ: ಗ್ರೀಕರು ಟ್ರಾಯ್‌ನವರೊಡನೆ ಯಾಕಾದರೂ ಹೋರಾಡಬೇಕು ಎಂದು ಅಕಿಲೀಸ್ ಕೇಳುತ್ತಾನೆ. ಒಂದೇ ಪ್ರಯೋಗದ ಮೇಲೆ ವಾದ ಕಟ್ಟಲಾಗದು, ನಿಜ. ಆದರೆ ಕಾರಣ ಕೇಳುವ ಆ ದನಿಯೇ ಕ್ರಿ.ಪೂ. 5 ಮತ್ತು 4ನೇ ಶತಮಾನಗಳ ಅಥೆನ್ಸಿನಲ್ಲಿ ಕರ್ತವ್ಯದ ಭಾಷೆಯನ್ನು ರೂಪಿಸಿತು ಎಂಬುದು ನನ್ನ ನಂಬಿಕೆ.

ಖ್ರೇ ಒಳಗಿನ ಔಚಿತ್ಯ, ದೇಯ್ ಹೊರಗಿನ ಒತ್ತಡ ಎಂದು ವಿಂಗಡಿಸುವವರಿದ್ದಾರೆ. ಹೋಮರನಿಗೆ ಒಪ್ಪಬಹುದಾದ ಈ ಮಾತು ಅಥೆನ್ಸಿನ ಭಾಷಣಕಾರರ ಮುಂದೆ ನಿಲ್ಲುವುದಿಲ್ಲ. ಅವರು ಎರಡನ್ನೂ ಹತ್ತಿರ ಹತ್ತಿರದ ಅರ್ಥದಲ್ಲೇ ಬಳಸುತ್ತಾರೆ. ಬೇರೆ ದಾರಿಯೇ ಇಲ್ಲದ ಅನಿವಾರ್ಯಕ್ಕೆ ‘ಅನಂಕೇ’ ಮೊದಲಿಂದಲೂ ಇತ್ತು. ದೇಯ್ ಮುಂದೆ ಬಂದದ್ದಕ್ಕೆ ಕಾರಣ ಅದರ ರೂಪದಲ್ಲೂ ಇದೆ. ಖ್ರೇ ಮೂಲತಃ ‘ಅಗತ್ಯ’ ಎಂಬರ್ಥದ ನಾಮಪದ, ‘ಇತ್ತು’ ಎಂಬುದನ್ನು ಅಂಟಿಸಿಕೊಂಡೇ ಅದು ಭೂತಕಾಲವನ್ನು ಪಡೆಯಿತು. ದೇಯ್ ಎಲ್ಲ ಕಾಲಗಳಿಗೂ ಒಗ್ಗುವ ಕ್ರಿಯಾಪದ. ಅದರ ಭೂತರೂಪ ‘ಎದೇಯ್’, ಮಾಡಬೇಕಾಗಿತ್ತು, ಮಾಡಲಿಲ್ಲ ಎಂಬ ಆಕ್ಷೇಪವನ್ನು ತನ್ನೊಳಗೇ ಹೊತ್ತುಕೊಳ್ಳಬಲ್ಲದು. ಹಿಂದಿನ ತಪ್ಪನ್ನು ಎತ್ತಿ ತೋರಿಸಿ ಮುಂದಿನ ಹೆಜ್ಜೆ ನಿರ್ಧರಿಸುವ ಜನಸಭೆಗೆ ಇಂಥ ಪದ ಬೇಕೇ ಬೇಕಿತ್ತು.

ಹೋಮರನಲ್ಲಿಲ್ಲದ ಇನ್ನೊಂದು ರೂಪವೂ ಆಗಲೇ ಹುಲುಸಾಗಿ ಬೆಳೆಯಿತು: ಧಾತುವಿಗೆ ‘-ತೆಯೊನ್’ ಸೇರಿಸಿದರೆ ಆ ಕೆಲಸ ಆಗಲೇಬೇಕು ಎಂದರ್ಥ. ಕ್ರಿ.ಪೂ. 349ರಲ್ಲಿ ಒಲಿಂಥಸ್ ನಗರವನ್ನು ಮ್ಯಾಸಿಡೋನಿಯದ ದೊರೆ ಫಿಲಿಪ್ಪನಿಂದ ಉಳಿಸಲು ಭಾಷಣಕಾರ ಡೆಮಾಸ್ಥೆನೀಸ್ ಅಥೆನ್ಸಿನ ಜನಸಭೆಯಲ್ಲಿ ಮಾತಾಡಿದಾಗ, ಪಿಡ್ನ, ಪೊಟಿಡಿಯಾ, ಮೆಥೋನೆಗಳಲ್ಲಿ ಕೈತಪ್ಪಿದ ಅವಕಾಶಗಳನ್ನು ನೆನಪಿಸಿ, ಎರಡು ಬಗೆಯಲ್ಲಿ ನೆರವು ಹೋಗಲೇಬೇಕು ಎನ್ನಲು ಈ ರೂಪವನ್ನೇ ಹಿಡಿದ: ಒಲಿಂಥಸ್‌ನವರ ಊರುಗಳಿಗೆ ಒಂದು ಪಡೆ, ಫಿಲಿಪ್ಪನ ನಾಡನ್ನು ಸೂರೆಗೆಯ್ಯಲು ಇನ್ನೊಂದು. ಆ ವಾಕ್ಯದಲ್ಲಿ ‘ನಿಮಗೆ’ ಎಂಬ ಚತುರ್ಥಿಯೂ ಇದೆ, ಹೊಣೆ ಕೇಳುಗರ ಹೆಗಲಿಗೇ ಬೀಳುತ್ತದೆ. ಆಜ್ಞೆ ಮಾಡುವ ಅಧಿಕಾರ ಅವನಿಗಿರಲಿಲ್ಲ. ಕೈಯೆತ್ತಿ ತೀರ್ಮಾನಿಸುವವರು ಅವರು.

ಈ ರೂಪ ಸಭೆಯ ಸೊತ್ತೇನಲ್ಲ, ತತ್ತ್ವಗ್ರಂಥಗಳಲ್ಲೂ ಇದೆಯಲ್ಲ ಎಂದು ಆಕ್ಷೇಪಿಸಬಹುದು. ಇದೆ, ಮತ್ತು ಅಲ್ಲೂ ಅದು ಸಲಹೆಯೇ. ಕ್ಸೆನೊಫೋನನ ‘ಮೆಮೊರಬಿಲಿಯ’ದಲ್ಲಿ ಸದ್ಗುಣದೇವತೆ ತರುಣ ಹೆರಾಕ್ಲೀಸನಿಗೆ ಈ ರೂಪಗಳನ್ನು ಸಾಲಾಗಿ ಪೋಣಿಸಿ ಹೇಳುತ್ತಾಳೆ: ದೇವರ ಕೃಪೆ ಬೇಕಿದ್ದರೆ ಪೂಜಿಸಬೇಕು, ಗೆಳೆಯರ ಪ್ರೀತಿ ಬೇಕಿದ್ದರೆ ಉಪಕರಿಸಬೇಕು, ಬೆಳೆ ಬೇಕಿದ್ದರೆ ನೆಲವನ್ನು ಆರೈಕೆ ಮಾಡಬೇಕು. ಪ್ರತಿ ‘ಬೇಕು’ವಿಗೂ ಒಂದು ‘ಇದ್ದರೆ’ ಜೊತೆಗಿದೆ, ಎದುರಿಗೆ ಇನ್ನೊಂದು ದಾರಿ ಹಿಡಿಯುವ ಸ್ವಾತಂತ್ರ್ಯ ತರುಣನಿಗೆ ಉಳಿದೇ ಇದೆ.