ಸ್ಟೇಷನರಿ

ನಮ್ಮೂರ ಪೆನ್ನು-ಪುಸ್ತಕದಂಗಡಿಯ ಇಂಗ್ಲಿಷ್ ಬೋರ್ಡಿನಲ್ಲಿ ‘ಸ್ಟೇಷನರಿ’ ಪದದ ‘ಆರ್’ ಅಕ್ಷರದ ಮುಂಚೆ ‘ಇ’ ಇರಬೇಕಾದ ಕಡೆ ‘ಎ’ ಕೂತಿದೆ. ಕನ್ನಡದಲ್ಲಿ ಬರೆಸಿದ್ದರೆ ಈ ಪೇಚೇ ಇರುತ್ತಿರಲಿಲ್ಲ. ‘ಎ’ ಇರುವ ಪದಕ್ಕೂ ‘ಇ’ ಇರುವ ಪದಕ್ಕೂ ಅಲ್ಲಿ ಒಂದೇ ಕಾಗುಣಿತ! ‘ಎ’ ಇದ್ದರೆ ನಿಂತಲ್ಲೇ ನಿಂತದ್ದು, ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಹಾಗೆ. ‘ಇ’ ಇದ್ದರೆ ಕಾಗದ, ಪೆನ್ನು, ಲಕೋಟೆ.

ಬೇರು ಮಾತ್ರ ಒಂದೇ: ನಿಲ್ಲುವಿಕೆ, ನಿಲ್ಲುವ ಜಾಗ ಎಂಬರ್ಥದ ಲ್ಯಾಟಿನ್ ಪದ ‘ಸ್ಟಾಟಿಯೋ’. ಮಧ್ಯಯುಗದ ಯುರೋಪಿನಲ್ಲಿ ಸರಕು ಹೊತ್ತು ಊರೂರು ಸುತ್ತುವ ವ್ಯಾಪಾರಿಗಳಿದ್ದರು. ಪುಸ್ತಕದವನು ಹಾಗಲ್ಲ, ಒಂದೇ ಕಡೆ ಅಂಗಡಿ ಇಟ್ಟು ಕೂರುತ್ತಿದ್ದ. ಅವನೇ ‘ಸ್ಟೇಷನರ್’, ಅವನ ಸರಕು ಸ್ಟೇಷನರಿ. ಲಂಡನ್ನಿನಲ್ಲಿ 1403ರಲ್ಲಿ ಹುಟ್ಟಿದ ಇವರ ಸಂಘಕ್ಕೆ 1557ರಲ್ಲಿ ರಾಜಸನ್ನದೂ ಸಿಕ್ಕಿತು.

ಹಾಗೆ ನೋಡಿದರೆ, ಎಷ್ಟೋ ವರ್ಷದಿಂದ ಜಾಗ ಬದಲಿಸದ ನಮ್ಮೂರ ಅಂಗಡಿಗೆ ‘ಎ’ ಕೂಡ ಒಪ್ಪುತ್ತದೆ. ನೀವು ಬೋರ್ಡು ಬರೆಸುವುದಾದರೆ ‘ಇ’ಯನ್ನೇ ಬರೆಸಿ.