ಮಚ್ಚೆಯ ಚಿಕಿತ್ಸೆ: ಒಂದು ಚಾರಿತ್ರಿಕ ವಿಮರ್ಶೆ

ಮನುಷ್ಯನ ಮೈಮೇಲಿನ ಮಚ್ಚೆಯು ಅತ್ಯಲ್ಪವಾದ ವಸ್ತು. ಆದರೂ ಸಾಮುದ್ರಿಕರು ಅದರಲ್ಲಿ ಭಾಗ್ಯವನ್ನು ಕಂಡರು. ಕವಿಗಳು ಚೆಲುವನ್ನು ಕಂಡರು. ಉಪಾಧ್ಯಾಯರಾದ ನಾವು ಶಾಲೆಯ ದಾಖಲೆಯಲ್ಲಿ ಅದನ್ನು ಹುಡುಗನ ಗುರುತೆಂದು ಬರೆದುಕೊಂಡೆವು. ಅದನ್ನು ದೇಹಧರ್ಮವೆಂದು ಪರೀಕ್ಷಿಸಿದವನು ವೈದ್ಯನು. ಆ ಪರೀಕ್ಷೆಯ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಪ್ರಕರಣವೊಂದುಂಟು. ಎಳ್ಳಿನಷ್ಟಿದ್ದು ಚರ್ಮಕ್ಕೆ ಸಮನಾಗಿ, ನೋವಿಲ್ಲದೆ, ಕರ್ರಗಿರುವುದು ತಿಲಕಾಲಕ. ಉದ್ದಿನ ಕಾಳಿನಂತೆ ಉಬ್ಬಿ ಗಟ್ಟಿಯಾಗಿರುವುದು ಮಷಕ. ಹುಟ್ಟಿನಿಂದಲೇ ಬಂದು ನುಣುಪಾಗಿ ಸ್ವಲ್ಪ ಎದ್ದಿರುವುದು ಜತುಮಣಿ. ಮನೆಯ ಧಾನ್ಯಗಳಿಂದಲೇ ಅಳತೆಯನ್ನು ತೆಗೆದುಕೊಂಡ ಈ ವಿಂಗಡಣೆಯು ಎಷ್ಟು ಸುಲಭಗ್ರಾಹ್ಯವೆಂಬುದನ್ನು ವಾಚಕರೇ ಊಹಿಸಬಹುದು.

ಚಿಕಿತ್ಸಾಸ್ಥಾನವು ಇವನ್ನು ಕತ್ತರಿಸಿ, ಕ್ಷಾರದಿಂದಾಗಲಿ ಅಗ್ನಿಯಿಂದಾಗಲಿ ಮೆಲ್ಲಮೆಲ್ಲನೆ ಸುಡತಕ್ಕದ್ದೆಂದು ವಿಧಿಸುತ್ತದೆ. ಕ್ಷಾರವನ್ನು ಮುತ್ತುಗ, ಉತ್ತರಾಣಿ ಮೊದಲಾದ ಗಿಡಮರಗಳ ಬೂದಿಯಿಂದಲೂ ಸುಟ್ಟ ಶಂಖಾದಿಗಳ ಸುಣ್ಣದಿಂದಲೂ ಪಾಕಮಾಡುತ್ತಿದ್ದರು. ಅದನ್ನು ಹಚ್ಚಿ ನೂರು ಎಣಿಸುವಷ್ಟು ಕಾಲ ಕಾಯಬೇಕು. ಬಳಿಕ ಹುಳಿಯಾದ ದ್ರವ್ಯದಿಂದ ಅದರ ಉರಿಯನ್ನು ಶಮನಗೊಳಿಸಬೇಕು. ಆಮ್ಲವು ಕ್ಷಾರವನ್ನು ತಣಿಸುವುದೆಂಬ ರಸಾಯನತತ್ತ್ವವು ಅವರಿಗೆ ಅನುಭವಸಿದ್ಧವಾಗಿತ್ತು. ಅಲ್ಪಮತಿಯ ಕೈಯಲ್ಲಿ ಕ್ಷಾರವು ವಿಷ, ಅಗ್ನಿ, ಶಸ್ತ್ರ, ಸಿಡಿಲುಗಳಿಗೆ ಸಮಾನವಾದ ಮೃತ್ಯುವೆಂದೂ ಅದೇ ಗ್ರಂಥವು ಎಚ್ಚರಿಸುತ್ತದೆ.

ಚರ್ಮದ ಶಸ್ತ್ರವಿದ್ಯೆಯು ಕೇವಲ ಗ್ರಂಥಸ್ಥವಾಗಿ ಉಳಿದಿರಲಿಲ್ಲವೆಂಬುದಕ್ಕೆ ನಮ್ಮ ಕ್ಯಾತನಹಳ್ಳಿಗೆ ಅನತಿದೂರದಲ್ಲಿರುವ ಶ್ರೀರಂಗಪಟ್ಟಣದ ಯುದ್ಧಚರಿತ್ರೆಯೇ ಸಾಕ್ಷಿ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕೌಸಜಿಯೆಂಬವನು ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ತರುವಾಯ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗನ್ನು ಕಟ್ಟಿದನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಅಲ್ಲಿ ಈ ಕ್ರಮವನ್ನು ಅನುಸರಿಸಿದನು.

ಪ್ರಾಚೀನರಿಗೆ ದೊರೆಯದೆ ಇದ್ದುದು ಸೂಕ್ಷ್ಮದರ್ಶಕ. ಮಚ್ಚೆಯು ಬಣ್ಣವನ್ನು ತಯಾರಿಸುವ ಜೀವಕೋಶಗಳ ಗುಂಪೆಂಬುದು ಅದರಿಂದಲೇ ತಿಳಿಯಿತು. ಆ ಕೋಶಗಳು ಕೆಟ್ಟು ಬೆಳೆಯುವ ಮೆಲನೋಮ ಎಂಬ ಅರ್ಬುದವು ನಮ್ಮ ಜನರಲ್ಲಿ ವಿರಳ. ಬಂದರೆ ಅನೇಕವೇಳೆ ಅಂಗಾಲು, ಅಂಗೈ, ಉಗುರಿನ ಅಡಿಗಳಲ್ಲಿ ತೋರುತ್ತದೆ. ಆದುದರಿಂದ ಗದ್ದೆಯಲ್ಲಿ ಬರಿಗಾಲಿನಿಂದ ನಡೆಯುವ ರೈತನು ಅಂಗಾಲಿನಲ್ಲಿ ಹಬ್ಬುತ್ತಿರುವ ಕರಿಯ ಚುಕ್ಕೆಯನ್ನು ಮುಳ್ಳಿನ ಗುರುತೆಂದು ಉಪೇಕ್ಷಿಸಲಾಗದು.

ಇಂದಿನ ಚರ್ಮವೈದ್ಯನು ಸೂಜಿಮದ್ದಿನಿಂದ ಆ ಜಾಗವನ್ನು ಮರಗಟ್ಟಿಸಿ ಮಚ್ಚೆಯನ್ನು ಹೆರೆದೋ ಕತ್ತರಿಸಿಯೋ ತೆಗೆಯುತ್ತಾನೆ. ವಿದ್ಯುತ್ತಿನಿಂದಲೂ ಲೇಸರಿನಿಂದಲೂ ಸುಡುವುದುಂಟು. ಇಂಗಾಲಾಮ್ಲದ ಲೇಸರನ್ನು 1964ರಲ್ಲಿ ಕಂಡುಹಿಡಿದವರು ಬಾರಾಮತಿಯಲ್ಲಿ ಜನಿಸಿದ ಕುಮಾರ್ ಪಟೇಲರು. ಅಗ್ನಿಕರ್ಮವೇ ರೂಪಾಂತರದಿಂದ ಮರಳಿತೆನ್ನಬಹುದು. ಆದರೆ ಭೇದವೊಂದಿದೆ: ಸಂಶಯಾಸ್ಪದವಾದ ಮಚ್ಚೆಯನ್ನು ಸುಡತಕ್ಕದ್ದಲ್ಲ, ಕತ್ತರಿಸಿ ಪರೀಕ್ಷೆಗೆ ಕಳುಹಿಸಬೇಕು. ಸುಟ್ಟರೆ ಸಾಕ್ಷ್ಯವೇ ನಾಶವಾಗುವುದು.

ಈ ಚರಿತ್ರೆಯಿಂದ ನಮ್ಮ ಮನೆಗಳಿಗೊಂದು ಪ್ರಯೋಜನವುಂಟು. ಮದುವೆಗೆ ಬಂದ ಹುಡುಗಿಯ ಮುಖದ ಮಚ್ಚೆಗೆ ಸುಣ್ಣವನ್ನೂ ಬಟ್ಟೆ ಒಗೆಯುವ ಸೋಡವನ್ನೂ ಕಲಸಿ ಹಚ್ಚುವ ರೂಢಿಯುಂಟಷ್ಟೆ. ಇವೆರಡೂ ಸೇರಿದಾಗ ಹುಟ್ಟುವುದು ತೀಕ್ಷ್ಣ ಕ್ಷಾರವೇ. ಶಾಸ್ತ್ರದ ಕ್ಷಾರವು ಉಳಿಯಿತು; ಅಳತೆ, ಕಾಲ, ಆಮ್ಲ, ಬಲ್ಲವನ ಕೈ ಇವು ಬಿಟ್ಟುಹೋದವು. ಎಳ್ಳಿನಷ್ಟು ಮಚ್ಚೆಗೆ ಪ್ರತಿಯಾಗಿ ಕಾಸಿನಗಲದ ಕಲೆಯು ಉಳಿದರೆ ಆಶ್ಚರ್ಯವೇನು? 1924ರಲ್ಲಿ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ಆರಂಭವಾಯಿತು. 2006ರಲ್ಲಿ ಮಂಡ್ಯದಲ್ಲಿಯೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಸ್ಥಾಪಿತವಾಯಿತು. ಬಲ್ಲವರು ಹತ್ತಿರದಲ್ಲಿರುವಾಗ ಅಡಿಗೆಮನೆಯಲ್ಲಿ ಕ್ಷಾರಪಾಕ ನಡೆಯಬೇಕಾದುದಿಲ್ಲ.

ನಿರುಪದ್ರವಿಯಾದ ಮಚ್ಚೆಯನ್ನು ಉಳಿಸಿಕೊಳ್ಳುವುದೂ ತೆಗೆಸುವುದೂ ಅವರವರ ಇಚ್ಛೆ. ಆದರೆ ಬೆಳೆಯುವ, ಬಣ್ಣ ಬದಲಾಯಿಸುವ, ಅಂಚು ಕೆಡುವ, ರಕ್ತ ಒಸರುವ ಮಚ್ಚೆಯ ವಿಷಯದಲ್ಲಿ ಇಚ್ಛೆಗೆ ಎಡೆಯಿಲ್ಲ. ಒಡನೆಯೇ ವೈದ್ಯನಿಗೆ ತೋರಿಸತಕ್ಕದ್ದು.